‘ಜೀತವಿಲ್ಲ’ ಎಂಬ ಷರಾ

1976ರಲ್ಲಿ ಮಲೆನಾಡಿನ ಬದುಕಿಗೆ ಸಂಬಂಧಿಸಿದ ಎರಡು ಕಾಯ್ದೆಗಳು ಜನ್ಮ ತಳೆದವು. ಒಂದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಇನ್ನೊಂದು, ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದಿದ್ದ ಕೇಂದ್ರದ ಜೀತಪದ್ಧತಿ ರದ್ದತಿ ಕಾಯ್ದೆ. ಮೊದಲನೆಯದರ ದೆಸೆಯಿಂದ ತೋಟದೊಳಗಿನ ಹೊನ್ನೆ ಮರವೊಂದನ್ನು ಕಡಿಯಬೇಕಾದರೂ ಅರ್ಜಿ, ಸ್ಥಳತನಿಖೆ, ಅನುಮತಿ ಎಲ್ಲವೂ ಬೇಕು. ಅದೇ ಮರದ ನೆರಳಿನಲ್ಲಿ ಕಾಫಿ ಕೊಯ್ಯುವ ಕೈಗಳು ಯಾರ ಸಾಲಕ್ಕೆ ಕಟ್ಟುಬಿದ್ದಿವೆ ಎಂದು ವಿಚಾರಿಸಿದರೆ ಸಿಗುವ ಉತ್ತರ ಮಾತ್ರ ಸಿದ್ಧವಾಗಿಯೇ ಇರುತ್ತದೆ: ಈ ಪ್ರದೇಶದಲ್ಲಿ ಜೀತವಿಲ್ಲ.

ಮಲೆನಾಡಿಗೆ ಜೀತ ಹೊರಗಿನಿಂದ ಬಂದ ರೋಗವೇನೂ ಅಲ್ಲ. 1897ರ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಮಲೆನಾಡಿನ ಎರಡು ಬಗೆಯ ಆಳುಗಳನ್ನು ದಾಖಲಿಸಿದ್ದಾರೆ: ಒಡೆಯನ ಮನೆಯಲ್ಲೇ ಹುಟ್ಟಿದ ‘ಹುಟ್ಟಾಳು’, ಜಮೀನಿನೊಡನೆ ಕೈಬದಲಾಗುವ ‘ಮಣ್ಣಾಳು’. ಕೊಡಗಿನ ಗಡಿಯಾಚೆ ವಯನಾಡಿನ ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ಪಣಿಯರೂ ಅಡಿಯರೂ ವರ್ಷವೊಂದರ ದುಡಿಮೆಗಾಗಿ ಮುಂಗಡ ಪಡೆದು ಜಮೀನ್ದಾರರಿಗೆ ಬದ್ಧರಾಗುತ್ತಿದ್ದ ಸಂಗತಿ ಇಂದಿನ ಹಿರಿಯರ ನೆನಪಿಗೂ ನಿಲುಕುವಷ್ಟು ಹತ್ತಿರದ್ದು.

ಇಂದು ಆ ಹೆಸರುಗಳಿಲ್ಲ. ಲೈನ್‌ಮನೆಯಿದೆ, ರೈಟರನ ಪುಸ್ತಕವಿದೆ. ಮದುವೆಗೋ ಕಾಯಿಲೆಗೋ ಮುಂಗಡ ದೊರೆಯುತ್ತದೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಹೊಟ್ಟೆ ಅಷ್ಟೇ, ಬಾಕಿ ಬೆಳೆಯುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ದುಡಿದದ್ದು ವಾರವಾರವೂ ವಜಾ ಆಗುತ್ತದೆ, ಆದರೂ ಬಾಕಿ ಸೊನ್ನೆಗೆ ಇಳಿಯುವುದಿಲ್ಲ. ಓದು ಬಾರದವನಿಗೆ ಆ ಪುಸ್ತಕದಲ್ಲಿ ಏನು ಬರೆದಿದೆಯೋ ತಿಳಿಯದು. ಬೇರೆ ತೋಟಕ್ಕೆ ಹೋಗುವೆನೆಂದರೆ ಲೈನ್‌ಮನೆ ಖಾಲಿ ಮಾಡಬೇಕು, ಬಾಕಿಯನ್ನೂ ತೀರಿಸಬೇಕು. ಹೊಸ ಮಾಲೀಕನೇ ಆ ಬಾಕಿ ಕಟ್ಟಿ ಕುಟುಂಬವನ್ನು ಕರೆದೊಯ್ದರೆ ಸಾಲ ತೀರಿದಂತಲ್ಲ, ಪುಸ್ತಕ ಬದಲಾಯಿತು, ಅಷ್ಟೆ. ಎಲ್ಲ ತೋಟಗಳೂ ಹೀಗಿಲ್ಲವೆಂಬುದು ನಿಜ. ಹೀಗಿರುವ ತೋಟಗಳನ್ನು ಗುರುತಿಸುವುದಕ್ಕಾಗಿಯೇ ಅಲ್ಲವೇ ಕಾಯ್ದೆ ಇರುವುದು?

ಸರಪಳಿ ಕಾಣದಿದ್ದರೆ ಜೀತವಲ್ಲ ಎಂದು ತಿಳಿಯುವ ಅಧಿಕಾರಿ ಆ ಕಾಯ್ದೆಯನ್ನು ಓದಿಲ್ಲ. ಮುಂಗಡದ ಕಾರಣದಿಂದ ಬೇರೆಡೆ ದುಡಿಯುವ ಅಥವಾ ಮನಬಂದೆಡೆ ಹೋಗುವ ಸ್ವಾತಂತ್ರ್ಯ ತಪ್ಪಿದರೂ, ಕೂಲಿ ನಾಮಮಾತ್ರವಾದರೂ ಅದು ಜೀತವೇ. ಸಾಲ ಜೀತದ್ದಲ್ಲವೆಂದು ರುಜುವಾತುಪಡಿಸುವ ಹೊಣೆಯೂ 15ನೆಯ ಕಲಮಿನಂತೆ ಸಾಲಿಗನದು, ಆಳಿನದಲ್ಲ. ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1983ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡವಿದೆಯೆಂದೇ ಭಾವಿಸಬೇಕೆಂದು ಹೇಳಿತು. ಹೀಗಿದ್ದೂ ವಿಚಾರಣೆಗೆ ಬಂದವರು ಮೊದಲು ಕೂರುವುದು ಮಾಲೀಕನ ಜಗಲಿಯಲ್ಲಿ. ಆಳನ್ನು ಕರೆಸುವುದೂ ಅಲ್ಲಿಗೇ. ಒಡೆಯನ ಎದುರು ನಿಂತು ‘ನಾನು ಜೀತಕ್ಕಿದ್ದೇನೆ’ ಎಂದು ಯಾವ ಎರವ ಹೇಳಿಯಾನು? ಅಂದು ಸಂಜೆ ಅವನು ಮರಳಬೇಕಾದದ್ದು ಅದೇ ಲೈನ್‌ಮನೆಗೆ.

1978ರಿಂದ 2016ರವರೆಗೆ ದೇಶದಲ್ಲಿ ಪುನರ್ವಸತಿ ಪಡೆದವರು ಸುಮಾರು 2.82 ಲಕ್ಷ ಮಂದಿ. ಅದೇ 2016ರಲ್ಲಿ ಕೇಂದ್ರ ಸರ್ಕಾರವು 2030ರೊಳಗೆ 1.84 ಕೋಟಿ ಜನರನ್ನು ಬಿಡಿಸುವ ಗುರಿಯನ್ನು ಸಾರಿತು. ನೆರವಿನ ಮೊತ್ತವನ್ನು 20,000 ರೂಪಾಯಿಗಳಿಂದ ಪುರುಷರಿಗೆ 1 ಲಕ್ಷ, ಮಹಿಳೆಯರಿಗೂ ಮಕ್ಕಳಿಗೂ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷಕ್ಕೆ ಏರಿಸಿತು. ಏರಿಸಿದ ಕೈಯೇ ಆ ಹಣವನ್ನು ಅಪರಾಧಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿತು. ಮೇಲ್ನೋಟಕ್ಕೆ ಪುರಾವೆಯಿದೆಯೆಂದು ಜಿಲ್ಲಾಧಿಕಾರಿ ಕಂಡರೆ ಪ್ರಸ್ತಾವ ತಡೆಯಬಾರದೆಂಬ ಮಾತೂ ಯೋಜನೆಯಲ್ಲಿದೆ. ಆದರೆ ಕಾಯಲು ಕಾರಣ ಸಿಕ್ಕಿದ ಕಡತ ತಾನಾಗಿ ಮುಂದೆ ಸಾಗುವುದುಂಟೇ? ಬಿಡುಗಡೆಯಾದವನು ಮೊಕದ್ದಮೆ ಮುಗಿಯುವ ತನಕ ಏನನ್ನು ಉಣ್ಣಬೇಕು?

ಬೆಟ್ಟದ ನಾಡಿನಲ್ಲಿ ಹಣಕ್ಕಿಂತ ಮೊದಲಿನ ಪ್ರಶ್ನೆ ನೆಲದ್ದು. ಸ್ವಂತ ಅಡಿಪಾಯವಿಲ್ಲದವನ ಬಿಡುಗಡೆ ಪತ್ರ ಅವನನ್ನು ಎಲ್ಲಿಗೆ ಒಯ್ಯುತ್ತದೆ? ತೋಟದ ಬೇಲಿ ದಾಟಿದರೆ ಅರಣ್ಯದ ಗಡಿಕಲ್ಲು. ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ ಆದಿವಾಸಿಗಳಲ್ಲಿ ಬಹಳಷ್ಟು ಮಂದಿ ಲೈನ್‌ಮನೆಗಳನ್ನು ಬಿಟ್ಟು ಬಂದವರು. 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಮಿಕ್ಕ ಆ ಗುಡಿಸಲುಗಳನ್ನು ಕೆಡವಲಾಯಿತು. ತೋಟದಿಂದ ತಾವಾಗಿಯೇ ಬಿಡಿಸಿಕೊಂಡು ಬಂದವರನ್ನು ವಿಮುಕ್ತರೆಂದು ಎದುರುಗೊಳ್ಳಬೇಕಾಗಿದ್ದ ಸರ್ಕಾರ ಒತ್ತುವರಿದಾರರೆಂದು ಕರೆಯಿತು. ದೀರ್ಘ ಹೋರಾಟದ ಬಳಿಕ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ದೊರಕಿತೆನ್ನುವುದು ಬೇರೆ ಮಾತು.

ಇಲ್ಲಿ ಪರಿಸರ ಚಳವಳಿಯೂ ತನ್ನ ಮುಖ ನೋಡಿಕೊಳ್ಳಬೇಕಾಗಿದೆ. ನೆರಳಿನ ಕಾಫಿಯ ಜೀವವೈವಿಧ್ಯವನ್ನು ಅದು ಹಾಡಿ ಹೊಗಳಿದೆ, ತೋಟದ ಹಕ್ಕಿಗಳನ್ನು ಹೆಸರಿಟ್ಟು ಎಣಿಸಿದೆ. ಹಾಗೆ ಎಣಿಸಲು ಹೋದವರು ಲೈನ್‌ಮನೆಗಳ ಮುಂದೆಯೇ ನಡೆದು ಹೋಗಿದ್ದಾರೆ. ಕಾಡು ಉಳಿಯಬೇಕೆಂಬ ನ್ಯಾಯವಾದ ಕೂಗು, ಲೈನ್‌ಮನೆಯವನಿಗೆ ಎಲ್ಲಿಯೂ ನಿವೇಶನ ಕೊಡದಿರಲು ನೆಪವಾಗಿ ಬಳಕೆಯಾದಾಗ ಚಳವಳಿ ಸುಮ್ಮನಿದ್ದರೆ, ಅದು ತೋಟದ ಮಾಲೀಕನ ಪರವಾಗಿ ನಿಂತಂತೆಯೇ.

ಕಾಯ್ದೆಯ 13ನೆಯ ಕಲಮು ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಯನ್ನು ವಿಧಿಸುತ್ತದೆ. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೂವರೂ ಸಮಾಜಸೇವಕರಿಬ್ಬರೂ ಇರಲೇಬೇಕು. ಆ ಐವರು ಯಾರು, ಸಮಿತಿ ಕಡೆಯ ಬಾರಿ ಸೇರಿದ್ದು ಯಾವಾಗ, ಎಷ್ಟು ಲೈನ್‌ಮನೆಗಳಿಗೆ ಹೋಗಿತ್ತು ಎಂದು ಗ್ರಾಮಸಭೆಗಳು ಠರಾವಿನ ಮೂಲಕ ಕೇಳಲಿ. ಕಾಲೇಜಿನ ವಿದ್ಯಾರ್ಥಿಗಳು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ಸಭೆಗಳ ನಡಾವಳಿಯ ಪ್ರತಿ ತರಿಸಲಿ, ಲೈನ್‌ಮನೆಯವರ ಎದುರು ಅದನ್ನು ಗಟ್ಟಿಯಾಗಿ ಓದಲಿ.