ಕಪಾಟಿನ ಹಿಡಿ, ಅಜ್ಜಿಯ ಕೈ

ಮಕ್ಕಳೇ, ಈ ವಾರ ನಿಮಗೊಂದು ಸಣ್ಣ ಪರೀಕ್ಷೆ. ಕೈಗೆ ಚೆನ್ನಾಗಿ ಸಾಬೂನು ಹಚ್ಚಿಕೊಂಡು ಅಡುಗೆಮನೆಯ ಕಪಾಟಿನ ಬಾಗಿಲು ತೆರೆಯಲು ನೋಡಿ. ಗುಂಡಗಿನ ಸಣ್ಣ ಹಿಡಿಯಾದರೆ ಬೆರಳು ಜಾರುತ್ತದೆ. ಉದ್ದನೆಯ ಹಿಡಿಯಾದರೆ ನಾಲ್ಕು ಬೆರಳನ್ನು ಕೊಕ್ಕೆಯಂತೆ ತೂರಿಸಿ ಸಲೀಸಾಗಿ ಎಳೆಯಬಹುದು. ಬೆರಳಿನ ಗಂಟು ನೋಯುವ ಅಜ್ಜ-ಅಜ್ಜಿಯರಿಗೆ ದಿನವೂ ಇದೇ ಪರೀಕ್ಷೆ. ನಿಮ್ಮದು ಮುಗಿದ ಮೇಲೆ ಬಾಗಿಲು ಒರೆಸಲು ಮರೆಯಬೇಡಿ!

ನಮ್ಮ ಮನೆಯಲ್ಲಿ ಸಕ್ಕರೆ, ಕಾಫಿಪುಡಿ, ಬೇಳೆಯ ಡಬ್ಬಿಗಳು ಒಂದೊಂದಾಗಿ ಕಪಾಟಿನಿಂದ ಹೊರಬಂದು ಒಲೆಯ ಕಟ್ಟೆಯ ಮೇಲೆ ಸಾಲಾಗಿ ನಿಂತವು. “ಅಜ್ಜಿ, ಇವನ್ನ ಯಾಕೆ ಒಳಗಿಡೋದಿಲ್ಲ?” ಎಂದು ಕೇಳಿದವಳು ಮೊಮ್ಮಗಳು. “ಬಾಗಿಲು ತೆಗೆಯೋಕೆ ಬೆರಳು ಕೇಳೋದಿಲ್ಲ ಪುಟ್ಟಿ. ಪ್ರತಿ ಸಲ ಯಾರನ್ನ ಅಂತ ಕರೀಲಿ?” ಎಂದಳು ನನ್ನ ಹೆಂಡತಿ. ಹಿಡಿ ಬದಲಾಯಿಸುವುದೆಂದು ಆಗಲೇ ನಿಶ್ಚಯವಾಯಿತು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯುಂಟು. ಹಿಡಿಯ ವಿಷಯದಲ್ಲಿ ಮಾತ್ರ ಪರರ ನೋಟಕ್ಕಿಂತ ಅದನ್ನು ದಿನವೂ ಎಳೆಯುವ ಕೈಯ ಇಚ್ಛೆಯೇ ಮುಖ್ಯ. ಆದ್ದರಿಂದ ಅಂಗಡಿಗೆ ಅಜ್ಜಿಯನ್ನೂ ಕರೆದೊಯ್ಯಿರಿ. ಹಿಡಿಯ ಹಿಂದೆ ನಾಲ್ಕೂ ಬೆರಳು ಸರಾಗವಾಗಿ ಹೋಗಬೇಕು. ಅಂಚು ಚೂಪಾಗಿರಬಾರದು. ತುದಿ ಚಾಚಿಕೊಂಡಿದ್ದರೆ ಸೆರಗೋ ಜೇಬೋ ಸಿಕ್ಕಿಕೊಳ್ಳುತ್ತದೆ.

ಜೇಬಿನಲ್ಲೊಂದು ಅಯಸ್ಕಾಂತವಿರಲಿ. ಹಿತ್ತಾಳೆಯೆಂದು ಕೊಟ್ಟ ಹಿಡಿಗೆ ಅದು ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರೀ ಬಣ್ಣ. ಅಂಟದಿದ್ದರೆಲ್ಲ ಹಿತ್ತಾಳೆಯೆಂದೂ ಅಲ್ಲ. ಸತುವಿನ ಮಿಶ್ರಲೋಹಕ್ಕೂ ಅಲ್ಯೂಮಿನಿಯಂಗೂ ಅಯಸ್ಕಾಂತ ಅಂಟುವುದಿಲ್ಲ. ಮಂಗಳೂರು, ಕಾರವಾರದಂಥ ಕಡಲೂರುಗಳ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿನವರು ಈ ಪರೀಕ್ಷೆ ಬಿಡಬಾರದು.

ಅಂಗಡಿಗೆ ಹೋಗುವ ಮೊದಲು ಅಳತೆ. ಈಗಿನ ಹಿಡಿಗೆ ಎರಡು ರಂಧ್ರಗಳಿದ್ದರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಮಿಲಿಮೀಟರ್ ಎಂದು ನೋಡಬೇಕು. ನಡು ಗುರುತಿಸುವುದು ಕಷ್ಟವಾದರೆ ಒಂದು ಉಪಾಯವಿದೆ. ಒಂದು ರಂಧ್ರದ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ. ರಂಧ್ರಗಳು ಒಂದೇ ಗಾತ್ರದವಾದರೆ ಉತ್ತರವೂ ಅದೇ. ಏಕೆಂದು ನೋಟುಪುಸ್ತಕದಲ್ಲಿ ಚಿತ್ರ ಬರೆದು ನೋಡಿ. ಹಿಡಿಗಳು ಹೆಚ್ಚಾಗಿ 96, 128, 160 ಮಿ.ಮೀ. ಅಳತೆಯಲ್ಲಿ ಸಿಗುತ್ತವೆ. ಮೂರನ್ನೂ 32ರಿಂದ ಭಾಗಿಸಿದರೆ 3, 4, 5! ಅಳತೆ ಹೊಂದಿದರೆ ಹೊಸ ರಂಧ್ರ ಕೊರೆಯುವ ಗೋಜೇ ಇಲ್ಲ.

ಇನ್ನು ಸ್ಕ್ರೂ. ಬಾಗಿಲ ಹಲಗೆ 18 ಮಿ.ಮೀ. ದಪ್ಪವಿದ್ದರೆ ಸಾಮಾನ್ಯವಾಗಿ 25 ಮಿ.ಮೀ. ಸ್ಕ್ರೂ ಸರಿಹೋಗುತ್ತದೆ. ಉಳಿದ 7 ಮಿ.ಮೀ. ಹಿಡಿಯೊಳಗೆ ಕಚ್ಚಿಕೊಳ್ಳುತ್ತದೆ. ಸ್ಕ್ರೂ ತೀರ ಉದ್ದವಾದರೆ ಎಷ್ಟು ತಿರುಗಿಸಿದರೂ ಹಿಡಿ ಅಲ್ಲಾಡುತ್ತದೆ, ಗಿಡ್ಡವಾದರೆ ಒಂದು ದಿನ ಕೈಗೇ ಬರುತ್ತದೆ.

ಗುಂಡು ಹಿಡಿಗೆ ಇರುವುದು ಒಂದೇ ರಂಧ್ರ. ಅದರ ಬದಲು ಉದ್ದ ಹಿಡಿ ಹಾಕುವುದಾದರೆ ಇನ್ನೊಂದು ಕೊರೆಯಲೇಬೇಕು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಎರಡು ರಂಧ್ರಗಳ ಜಾಗ ಗುರುತಿಸಿ ಒಂದು ಅಚ್ಚು ಮಾಡಿಕೊಳ್ಳಿ. ಎಲ್ಲ ಬಾಗಿಲಿಗೂ ಅದೇ ಅಚ್ಚಿಟ್ಟು ಪೆನ್ಸಿಲಿನಿಂದ ಗುರುತು ಹಾಕಿದರೆ ಹಿಡಿಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಇದು ಮಕ್ಕಳ ಕೆಲಸ. ಕೊರೆಯುವುದು ದೊಡ್ಡವರದು. ಬಾಗಿಲ ಹಿಂಬದಿಗೆ ಒಂದು ಮರದ ತುಂಡು ಒತ್ತಿಹಿಡಿದು ಮುಂದಿನಿಂದ ಕೊರೆದರೆ ಹಲಗೆ ಸಿಬಿರೇಳುವುದಿಲ್ಲ.

ಬಾಗಿಲೇ ಜೋತುಬಿದ್ದಿದ್ದರೆ ಹೊಸ ಹಿಡಿಯಿಂದ ಏನೂ ಪ್ರಯೋಜನವಿಲ್ಲ. ಮೊದಲು ಕೀಲಿನ ಸ್ಕ್ರೂ ಬಿಗಿಮಾಡಿ. ಮರದಲ್ಲಿ ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ಆ ರಂಧ್ರಕ್ಕೆ ಮರದ ಅಂಟು ಹಚ್ಚಿದ ಬೆಂಕಿಕಡ್ಡಿ ತುರುಕಿ. ಕಡ್ಡಿಯ ಮದ್ದಿನ ತುದಿ ಮುರಿದು ಬಿಸಾಡಿರಬೇಕು. ಅಂಟು ಒಣಗಿದ ಮೇಲೆ ಸ್ಕ್ರೂ ಮತ್ತೆ ಗಟ್ಟಿಯಾಗಿ ಕೂರುತ್ತದೆ.

ನಮ್ಮ ಆರು ಬಾಗಿಲುಗಳ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಸಂಜೆಯ ಕಾಫಿಗೆ ಹೆಂಡತಿ ತಾನೇ ಬಾಗಿಲು ತೆರೆದು ಸಕ್ಕರೆ ಡಬ್ಬಿ ತೆಗೆದಳು.

ಹಿರಿಯರಿಗೊಂದು ಎಚ್ಚರಿಕೆಯ ಮಾತು. ಅಜ್ಜಿಗೆ ಸುಲಭವಾದ ಹಿಡಿ ಅಂಬೆಗಾಲಿಡುವ ಕೂಸಿಗೂ ಸುಲಭ. ಮಾತ್ರೆ, ಫಿನಾಯಿಲ್, ಸೀಮೆಎಣ್ಣೆ ಇರುವ ಕಪಾಟಿಗೆ ಹಿಡಿಯ ಜೊತೆಗೆ ಬೀಗವೂ ಇರಲಿ, ಕೀಲಿ ಎತ್ತರದಲ್ಲಿರಲಿ.

ಮಕ್ಕಳೇ, ಈ ಭಾನುವಾರ ನೋಟುಪುಸ್ತಕದಲ್ಲಿ ಮೂರು ಕಲಂ ಎಳೆಯಿರಿ: ಯಾವ ಬಾಗಿಲು, ರಂಧ್ರದಿಂದ ರಂಧ್ರಕ್ಕೆ ಎಷ್ಟು, ಹಲಗೆಯ ದಪ್ಪ ಎಷ್ಟು. ನಾಲ್ಕನೆಯ ಕಲಂ ತುಂಬಲು ಮನೆಯ ಹಿರಿಯರನ್ನು ಕೇಳಬೇಕು: “ಇದನ್ನು ತೆಗೆಯುವಾಗ ಕೈ ನೋಯುತ್ತದೆಯೇ?” ಕೇಳದೆ ಅವರಾಗಿ ಹೇಳುವುದು ಅಪರೂಪ.