ನೆಲ ಡೊಂಕಾದಾಗ

ಕುಣಿಯಲು ಬಾರದವಳು ಅಂಗಳ ಡೊಂಕೆಂದಳಂತೆ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತನ್ನ ಕೊರತೆಯನ್ನು ಬೇರೊಂದರ ಮೇಲೆ ಹೊರಿಸುವವರನ್ನು ಕುರಿತು ಆಡಲು ಈ ಮಾತು ತಕ್ಕುದೇ ಸರಿ. ಆದರೆ ಅಂಗಳ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವರ ಪಾಡೇನು? ಗಾದೆ ಆ ವಿಚಾರವನ್ನು ಎತ್ತಿಲ್ಲ. ನಾವಾದರೂ ಎತ್ತಬೇಕಾಗಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ತಾಲ್ಲೂಕುಗಳು ನಾಟಕಪ್ರಿಯವಾದ ಸೀಮೆ. ನಟನ ಬಾಳನ್ನು ‘ನಟಸಾರ್ವಭೌಮ’ ಕಾದಂಬರಿಯ ವಸ್ತುವಾಗಿಸಿದ ಅ.ನ.ಕೃ. ಅವರ ಹೆಸರಿನಲ್ಲಿಯೇ ಅರಕಲಗೂಡು ಸೇರಿಕೊಂಡಿದೆ. ಮೂಡಲಪಾಯ ಯಕ್ಷಗಾನ ಬೆಳೆದುಬಂದದ್ದೂ ಈ ಬಯಲುನಾಡಿನಲ್ಲಿಯೇ. ಸುಗ್ಗಿ ಮುಗಿದು ಜಾತ್ರೆಯ ಕಾಲ ಬಂದಿತೆಂದರೆ ಹಳ್ಳಿಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳು ಬೆಳಗಿನವರೆಗೂ ನಡೆಯುತ್ತವೆ. ಭೀಮನಾಗಿ ಗದೆ ತಿರುಗಿಸಿದವನು ವೃತ್ತಿನಟನಲ್ಲ. ಅವನು ಆಲೂಗಡ್ಡೆಯನ್ನೋ ಹೊಗೆಸೊಪ್ಪನ್ನೋ ಬೆಳೆಯುವ ರೈತ, ಇಲ್ಲವೆ ತೆಂಗಿನತೋಟದ ಕೂಲಿ. ಕಾಲು ಉಳುಕಿದರೆ ಅವನ ವೇಷ ನಿಲ್ಲುವುದಲ್ಲದೆ ಅಂದಿನ ಸಂಪಾದನೆಯೂ ನಿಲ್ಲುತ್ತದೆ. ಆದುದರಿಂದ ಅವನು ನಿಲ್ಲುವ ನೆಲ ಎಂತಹುದು ಎಂಬುದು ಸಣ್ಣ ಪ್ರಶ್ನೆಯಲ್ಲ.

ರಂಗದ ನೆಲವನ್ನು ಬೇಕೆಂದೇ ಇಳಿಜಾರಾಗಿ ಕಟ್ಟುವ ಪದ್ಧತಿ ಯುರೋಪಿನಲ್ಲಿ ಹುಟ್ಟಿತು. ಇಟಲಿಯ ಸೆಬಾಸ್ಟಿಯಾನೊ ಸೆರ್ಲಿಯೊ ಎಂಬ ವಾಸ್ತುಶಿಲ್ಪಿ 1545ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಂತಹ ರಂಗವನ್ನು ವರ್ಣಿಸಿದ್ದಾನೆ. ಹಿಂದಿನ ಭಾಗ ಎತ್ತರವಾಗಿ, ಮುಂದಕ್ಕೆ ಬಂದಂತೆ ನೆಲ ತಗ್ಗಿದರೆ, ಪರದೆಯ ಮೇಲೆ ಬರೆದ ಬೀದಿ, ಅರಮನೆಗಳು ದೂರದವರೆಗೆ ಹಬ್ಬಿದಂತೆ ಕಾಣುತ್ತವೆ. ಹಿಂದೆ ನಿಂತ ನಟನೂ ಮರೆಯಾಗುವುದಿಲ್ಲ. ನೋಡುವವರ ಕಣ್ಣಿಗೆ ಇದು ಹಬ್ಬವೇ ಹೌದು. ಆದರೆ ಆ ಹಬ್ಬದ ವೆಚ್ಚವನ್ನು ತೆರುವುದು ನಟನ ಮೈ.

ಅದು ಹೇಗೆಂಬುದನ್ನು ನೋಡೋಣ. 1875ರಲ್ಲಿ ತೆರೆದ ಪ್ಯಾರಿಸ್ಸಿನ ಗಾರ್ನಿಯೇ ನಾಟ್ಯಮಂದಿರದ ರಂಗಕ್ಕೆ ನೂರು ಅಡಿಗೆ ಐದು ಅಡಿಯ ಇಳಿತವಿದೆ. ಅಂತಹ ನೆಲದ ಮೇಲೆ 60 ಕಿಲೋ ತೂಕದ ಮನುಷ್ಯ ನಿಂತರೆ, ಸುಮಾರು 3 ಕಿಲೋ ಭಾರದಷ್ಟು ಬಲ ಅವನನ್ನು ಸದಾ ಕೆಳಕ್ಕೆ ಸೆಳೆಯುತ್ತಿರುತ್ತದೆ. ಸಭಿಕರಿಗೆ ಮುಖಮಾಡಿ ನಿಂತಾಗ ಹಿಮ್ಮಡಿ ಮೇಲಾಗಿ ಬೆರಳುಗಳು ಕೆಳಗಾಗುತ್ತವೆ. ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಟ್ಟಂತೆಯೇ ಸರಿ. ಮುಗ್ಗರಿಸದಿರಲೆಂದು ದೇಹ ತನಗರಿಯದಂತೆಯೇ ಹಿಂದಕ್ಕೆ ಬಾಗುತ್ತದೆ. ಅದರಿಂದ ಸೊಂಟದ ಬಳಿ ಬೆನ್ನೆಲುಬಿನ ಬಾಗು ಹೆಚ್ಚುತ್ತದೆ. ಮಂಡಿ ಮತ್ತು ಮೀನಖಂಡಗಳು ಬಿಡುವಿಲ್ಲದೆ ಬಿಗಿದಿರುತ್ತವೆ. ಪಕ್ಕಕ್ಕೆ ತಿರುಗಿ ನಿಂತರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಸೊಂಟವೇ ಓರೆಯಾಗುತ್ತದೆ. ಹಾರಿ ಇಳಿಯುವಾಗಲೂ ಸುತ್ತು ಹಾಕುವಾಗಲೂ ಪಾದ ನಿರೀಕ್ಷಿಸಿದ ಕಡೆ ನೆಲ ಸಿಕ್ಕುವುದಿಲ್ಲ. ನ್ಯೂಯಾರ್ಕಿನ ಬ್ರಾಡ್‌ವೇ ಕಲಾವಿದರನ್ನು ಕುರಿತು 1996ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೆಟ್ಟು ಅನುಭವಿಸಿದ್ದು ಕಂಡುಬಂದಿತು. ಪೆಟ್ಟಿನ ಸಂಭವವನ್ನು ಹೆಚ್ಚಿಸುವ ಕಾರಣಗಳಲ್ಲಿ ಇಳಿಜಾರು ರಂಗವೂ ಒಂದೆಂದು ಅದು ತಿಳಿಸಿತು.

ಇದು ದೂರದೇಶದ ಮಾತಾಯಿತು; ನಮ್ಮ ಹಳ್ಳಿಗಳಲ್ಲಿ ಅಂತಹ ರಂಗಗಳು ಎಲ್ಲಿವೆ ಎಂದು ಕೆಲವರು ಕೇಳಬಹುದು. ಬೇಕೆಂದು ಕಟ್ಟಿದವು ಇಲ್ಲ, ನಿಜ. ಆದರೆ ಶಾಲೆಯ ಮುಂದೆ, ಗುಡಿಯ ಮುಂದೆ ಕಟ್ಟಿದ ಸಿಮೆಂಟಿನ ಬಯಲು ವೇದಿಕೆಗಳನ್ನು ಗಮನಿಸಿರಿ. ತೆರೆದ ಜಾಗದ ನೆಲದಲ್ಲಿ ಮಳೆಯ ನೀರು ನಿಲ್ಲದೆ ಹರಿದುಹೋಗಲೆಂದು ಇಳಿಜಾರು ಕೊಡುವುದು ಗಾರೆಕೆಲಸದ ರೂಢಿ. ಇಪ್ಪತ್ತು ಅಡಿ ಆಳದ ವೇದಿಕೆಯಲ್ಲಿ ಮೂರು ನಾಲ್ಕು ಅಂಗುಲ ಇಳಿದರೆ ಕಣ್ಣಿಗೆ ತಿಳಿಯುವುದಿಲ್ಲ. ನಿಂಬೆಹಣ್ಣೊಂದನ್ನು ಇಟ್ಟು ನೋಡಿದರೆ ಅದು ಉರುಳಿ ಸತ್ಯವನ್ನು ಹೇಳುತ್ತದೆ. ಪ್ಯಾರಿಸ್ಸಿನ ಇಳಿತಕ್ಕೆ ಹೋಲಿಸಿದರೆ ಇದು ಅಲ್ಪವೇ. ಆದರೆ ಅಲ್ಲಿನದು ಮರದ ನೆಲ, ಇಲ್ಲಿನದು ಕಲ್ಲಿನಂತಹ ಗಾರೆ. ಮರ ಹೆಜ್ಜೆಯ ಪೆಟ್ಟನ್ನು ಸ್ವಲ್ಪವಾದರೂ ಹೀರಿಕೊಳ್ಳುತ್ತದೆ. ಗಾರೆ ಅದನ್ನು ಮಂಡಿಗೇ ಹಿಂದಿರುಗಿಸುತ್ತದೆ. ಅದರ ಮೇಲೆ ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಗಳ ಭಾರ ಹೊತ್ತು ಇರುಳೆಲ್ಲ ಕುಣಿಯುವ ಮೂಡಲಪಾಯದ ವೇಷಧಾರಿಯ ಶ್ರಮವನ್ನು ಊಹಿಸಿಕೊಳ್ಳಿರಿ. ಇಬ್ಬನಿ ಬಿದ್ದ ಮೇಲಂತೂ ಆ ನೆಲ ಜಾರುವುದೂ ಉಂಟು.

ನಮ್ಮ ಪೂರ್ವಿಕರು ಈ ವಿಷಯವನ್ನು ಅರಿಯದವರಾಗಿರಲಿಲ್ಲ. ರಂಗಶೀರ್ಷದ ನೆಲ ಆಮೆಯ ಬೆನ್ನಿನಂತೆಯೂ ಇರಬಾರದು, ಮೀನಿನ ಬೆನ್ನಿನಂತೆಯೂ ಇರಬಾರದು, ಕನ್ನಡಿಯಂತೆ ಸಮನಾಗಿರಬೇಕು ಎಂಬುದು ಭರತನ ನಾಟ್ಯಶಾಸ್ತ್ರದ ವಿಧಿ. ಹಾಸನ ಜಿಲ್ಲೆಯದೇ ಆದ ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠೆಯಾಯಿತು. ಅದರ ನವರಂಗದ ನಡುವಣ ದುಂಡನೆಯ ಕಲ್ಲುಹಾಸನ್ನು ಇಂದಿಗೂ ನೋಡಬಹುದು. ಮಟ್ಟಸವಾದ ನೆಲವೆಂದರೇನೆಂಬುದು ಅಲ್ಲಿ ವಿದಿತವಾಗುತ್ತದೆ. ಮೂಡಲಪಾಯದವರ ಅಟ್ಟವೂ ಮರದ ಹಲಗೆಗಳನ್ನು ಹಾಸಿ ಕಟ್ಟುವಂತಹುದು. ಅನುಕೂಲಕ್ಕಾಗಿ ಸಿಮೆಂಟಿನ ವೇದಿಕೆಯನ್ನು ತಂದುಕೊಂಡ ನಾವು ಹಲಗೆಯ ಗುಣವನ್ನು ಮರೆತೆವು.

ನೆಲ ಸಮನಾದರೆ ಹಿಂದೆ ಕುಳಿತವರಿಗೆ ಕಾಣುವುದಿಲ್ಲ ಎಂಬ ಆಕ್ಷೇಪವೊಂದುಂಟು. ಅದಕ್ಕೆ ಪರಿಹಾರವನ್ನು ಪ್ರಾಚೀನ ಗ್ರೀಕರೇ ತೋರಿಸಿದ್ದಾರೆ. ಅವರು ಬೆಟ್ಟದ ಓರೆಯಲ್ಲಿ ನೋಡುವವರನ್ನು ಕೂರಿಸಿ, ಕುಣಿಯುವವರಿಗೆ ಕೆಳಗೆ ಸಮತಟ್ಟಾದ ನೆಲವನ್ನು ಬಿಟ್ಟರು. ಕುಳಿತವನಿಗೆ ಇಳಿಜಾರಿನಿಂದ ತೊಂದರೆಯಿಲ್ಲ; ಕುಣಿಯುವವನಿಗೆ ಉಂಟು. ಏರುತಗ್ಗುಗಳಿಗೆ ಕೊರತೆಯಿಲ್ಲದ ಅರಕಲಗೂಡಿನ ಕಡೆಯ ಊರುಗಳಲ್ಲಿ ಇಂತಹ ಓರೆಗಳನ್ನು ಹುಡುಕುವುದು ಕಷ್ಟವೇನಲ್ಲ.

ಹೊಸದಾಗಿ ವೇದಿಕೆ ಕಟ್ಟುವ ಪಂಚಾಯಿತಿಗಳೂ ಶಾಲೆಗಳೂ ಕೆಲವು ಮಾತುಗಳನ್ನು ನೆನಪಿಡುವುದು ಒಳಿತು. ನೀರನ್ನು ತಡೆಯುವ ಕೆಲಸ ಮೇಲಿನ ಚಾವಣಿಯದಾಗಲಿ, ಕೆಳಗಿನ ನೆಲದ್ದಾಗದಿರಲಿ. ಗಾರೆ ಒಣಗುವ ಮುನ್ನ ರಸಮಟ್ಟವನ್ನು ಇಟ್ಟು ಪರೀಕ್ಷಿಸಲಿ. ಈಗಾಗಲೇ ಕಟ್ಟಿರುವ ಕಡೆ, ಆಟದ ದಿನ ತಗ್ಗಿನ ಬದಿಗೆ ಅಡ್ಡಪಟ್ಟಿ ಕೊಟ್ಟು ಅಲುಗದಂತೆ ಹಲಗೆ ಹಾಸಿದರೆ ಸಾಕು; ವೆಚ್ಚ ಹೆಚ್ಚಲ್ಲ. ಅಭ್ಯಾಸವನ್ನು ಬೇರೆಲ್ಲಿಯೋ ಮಾಡಿ, ಆಟದ ರಾತ್ರಿಯೇ ಮೊದಲ ಬಾರಿಗೆ ವೇದಿಕೆ ಹತ್ತುವುದು ಸರಿಯಲ್ಲ. ಕಾಲಿಗೂ ನೆಲಕ್ಕೂ ಮೊದಲೇ ಪರಿಚಯವಾಗಬೇಕು.

ಒಂದೂರಿನ ಜನ ನಾಟಕಕ್ಕೆಂದು ಸೀನರಿಗೆ, ದೀಪಗಳಿಗೆ, ಹಾರ್ಮೋನಿಯಂ ಮೇಷ್ಟರಿಗೆ ಸಂತೋಷದಿಂದ ಹಣ ಕೂಡಿಸುತ್ತಾರೆ. ಆ ಹಣದಲ್ಲಿ ಒಂದು ಪಾಲನ್ನು ನೆಲಕ್ಕಾಗಿ ತೆಗೆದಿಡುವುದು ನ್ಯಾಯ. ಭೀಮನ ವೇಷ ಕಳಚಿದವನು ಮರುದಿನ ನೋವಿಲ್ಲದೆ ಹೊಲಕ್ಕೆ ನಡೆದುಹೋಗುವಂತಾದರೆ, ಮುಂದಿನ ವರ್ಷವೂ ಅವನು ಗದೆಯನ್ನು ಎತ್ತಿಯಾನು.