ಕೋರ್ಟಿಗೂ ಇಲ್ಲದ ಅಧಿಕಾರ ವಸೂಲಿಗಾರರಿಗೆ ಎಲ್ಲಿಂದ ಬಂತು?

ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ಚಾಮರಾಜನಗರ ಜಿಲ್ಲೆಯ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಗೆ ಹಾಕಿದರು. ಆಗಲೂ ಈಗಲೂ ಕೇಳಿಬರುವ ಮಾತು ಒಂದೇ: ‘ಸಾಲ ತಗೊಂಡ ಮೇಲೆ ಕಟ್ಟಬೇಕಲ್ಲವೇ?’ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟದವರ ಮೇಲೆ ಎಲ್ಲಿಯವರೆಗೆ ಕ್ರಮ ಕೈಗೊಳ್ಳಬಹುದು ಎಂಬುದನ್ನೂ ಕಾನೂನು ಎಂದೋ ಗೆರೆ ಎಳೆದು ಹೇಳಿದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ತೆಗೆದು ಓದಿ. ಕೋರ್ಟಿನಲ್ಲಿ ದಾವೆ ನಡೆದು, ಡಿಕ್ರಿ ಆದ ಮೇಲೂ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕಸುಬಿನ ಸಲಕರಣೆ ಜಪ್ತಿ ಮಾಡುವಂತಿಲ್ಲ. ಧಾರ್ಮಿಕ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಲಾಗದ ಒಡವೆಗೂ ಕೈ ಹಚ್ಚುವಂತಿಲ್ಲ. ರೈತ, ಕೂಲಿಕಾರ ವಾಸವಿರುವ ಸ್ವಂತ ಮನೆಯೂ ಆ ಪಟ್ಟಿಯಲ್ಲಿದೆ. ಇನ್ನು 56ನೇ ಕಲಂ, ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸಲೇಬಾರದು ಎನ್ನುತ್ತದೆ. ಕಿರುಸಾಲ ಪಡೆದವರಲ್ಲಿ ಬಹುಪಾಲು ಹೆಂಗಸರೇ. ಆ ಸಾಲಕ್ಕೆ ಅಡಮಾನವೂ ಇಲ್ಲ. ಹೀಗಿರುವಾಗ ‘ಪೊಲೀಸರನ್ನು ಕರೆಸ್ತೀವಿ’, ‘ಮನೆಗೆ ಬೀಗ ಹಾಕ್ತೀವಿ’, ‘ತಾಳಿ ಅಡವಿಟ್ಟಾದರೂ ತನ್ನಿ’ ಎನ್ನುವುದಕ್ಕೆ ಯಾವ ಆಧಾರವಿದೆ? ನ್ಯಾಯಾಧೀಶರೇ ಕೊಡಲಾಗದ ಆದೇಶವನ್ನು ಬೈಕಿನಲ್ಲಿ ಬಂದವನು ಬಾಗಿಲಲ್ಲಿ ನಿಂತು ಕೊಡುತ್ತಿದ್ದಾನೆ.

ಕೋರ್ಟಿಗೆ ಹೋದರೆ ಸಿಗುವುದು ಅಷ್ಟಕ್ಕಷ್ಟೇ ಎಂದು ಕಂಪನಿಗಳಿಗೆ ಗೊತ್ತು. ಅದಕ್ಕೇ ಅವು ಜಗುಲಿಗೆ ಬರುತ್ತವೆ. ಕಿರುಸಾಲ ಸಂಘದ ಮೀಟಿಂಗ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಜನರಲ್ಲಿ ಒಬ್ಬಾಕೆಯ ಕಂತಿಗೆ ಮುನ್ನೂರು ರೂಪಾಯಿ ಕಮ್ಮಿ ಬಿದ್ದರೆ ಉಳಿದ ಒಂಬತ್ತು ಜನರೂ ಏಳುವಂತಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತದೆ, ಕೂಲಿಗೆ ಕರೆದೊಯ್ಯುವ ಗಾಡಿ ಹೊರಟುಹೋಗುತ್ತದೆ. ‘ಅಕ್ಕಾ, ನಿಮ್ಮದೊಂದೇ ಬಾಕಿ, ಇವರೆಲ್ಲ ನಿಮ್ಮಿಂದಾಗಿ ಕೂತಿದ್ದಾರೆ’ ಎಂದಷ್ಟೇ ಹೇಳಿ ವಸೂಲಿಗಾರ ಸುಮ್ಮನಾಗುತ್ತಾನೆ. ಬಯ್ಯುವ ಕೆಲಸ ನೆರೆಮನೆಯವರದ್ದು. ನಿನ್ನೆ ಸಾರಿಗೆ ಹುಣಸೆಹಣ್ಣು ಕೊಟ್ಟವಳೇ ಇವತ್ತು ಮಾನ ಕಳೆಯುತ್ತಾಳೆ. ಆ ಮಾನಕ್ಕಂಜಿ ಮತ್ತೊಂದು ಕಂಪನಿಯಲ್ಲಿ ಸಾಲ, ಅದನ್ನು ತೀರಿಸಲು ಮೀಟರ್ ಬಡ್ಡಿ. ಕೊನೆಗೆ ರಾತ್ರೋರಾತ್ರಿ ಊರು ಬಿಡುವುದು. ಕೆಲವರು ಜೀವವನ್ನೇ ಬಿಟ್ಟರು. ಓಡಿಹೋದವರನ್ನು ಮೋಸಗಾರರು ಎನ್ನುವ ಮುನ್ನ, ಅವರು ಎಷ್ಟು ತಿಂಗಳು ಹೊಟ್ಟೆ ಕಟ್ಟಿ ಕಂತು ಕಟ್ಟಿದ್ದರು ಎಂದು ಪಾಸ್‌ಬುಕ್ಕಿನ ಸಹಿಗಳನ್ನು ಎಣಿಸಿ ನೋಡಬೇಕು.

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಇದನ್ನೆಲ್ಲ ತಡೆಯಬೇಕಿತ್ತು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡಬಾರದು, ಬಂಧುಬಳಗವನ್ನು ಪೀಡಿಸಬಾರದು, ಸಾಲಗಾರರ ಹೆಸರು ಬಹಿರಂಗ ಮಾಡಬಾರದು. ಮುಖ್ಯವಾಗಿ, ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ಆದಾಯದ ಶೇ 50 ದಾಟಬಾರದು. ಹಾಗಿದ್ದರೆ ಒಂದೇ ಮನೆಗೆ ಐದಾರು ಕಂಪನಿ ಸಾಲ ಕೊಟ್ಟದ್ದು ಹೇಗೆ? ಆಧಾರ್ ಸಂಖ್ಯೆ ಕೈಯಲ್ಲಿದ್ದು, ಹಳೇ ಸಾಲದ ವಿವರ ಪರದೆಯ ಮೇಲಿದ್ದು ಕೊಟ್ಟರಲ್ಲ, ಅದಕ್ಕೆ ಹೊಣೆ ಯಾರು? ಸಾಲ ಶಿಸ್ತಿನ ಪಾಠ ಪಡೆದವರಿಗೆ ಮಾತ್ರ ಏಕೆ?

2025ರ ಫೆಬ್ರುವರಿಯಲ್ಲಿ ಬಂದ ರಾಜ್ಯದ ಸುಗ್ರೀವಾಜ್ಞೆ ದಬ್ಬಾಳಿಕೆಯ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಅದು ಅತಿಯಾಯಿತೆಂದು ರಾಜ್ಯಪಾಲರು ಮೊದಲು ಹಿಂತಿರುಗಿಸಿದ್ದರು. ಚರ್ಚೆಯೆಲ್ಲ ಆ ಅಂಕಿಯ ಸುತ್ತಲೇ ಸುತ್ತಿತು. ಜೈಲಿಗೆ ಹೋಗುವವನು ಯಾರು? ಟಾರ್ಗೆಟ್ ಮುಟ್ಟದಿದ್ದರೆ ಕೆಲಸ ಕಳೆದುಕೊಳ್ಳುವ, ಪಕ್ಕದ ತಾಲ್ಲೂಕಿನ ಹುಡುಗ. ಟಾರ್ಗೆಟ್ ಬರೆದವರು ಸಿಕ್ಕಿಬೀಳುವುದಿಲ್ಲ. ಒಬ್ಬಳ ಬಾಕಿಗೆ ಗುಂಪನ್ನೇ ಕೂರಿಸುವುದು ದಬ್ಬಾಳಿಕೆ ಎಂದು ನಿಯಮದಲ್ಲೇ ಬರೆಯಬೇಕು. ಶೇ 50ರ ಮಿತಿ ದಾಟಿ ಕೊಟ್ಟ ಸಾಲವನ್ನು ವಸೂಲು ಮಾಡುವ ಹಕ್ಕು ಕೊಟ್ಟ ಕಂಪನಿಗೆ ಇರಕೂಡದು. ನಷ್ಟ ಅದರ ಲೆಕ್ಕಪುಸ್ತಕಕ್ಕೇ ಹೋಗಲಿ. ಇದನ್ನು ಮಾಡಬೇಕಾದದ್ದು ರಿಸರ್ವ್ ಬ್ಯಾಂಕ್, ಮತ್ತು ಅದಕ್ಕಾಗಿ ಪಟ್ಟು ಹಿಡಿಯಬೇಕಾದದ್ದು ನಮ್ಮ ಸಂಸದರು.